ಸದ್ದಾದರೆ ನಿಲ್ಲುವ ಕುದುರೆ

ಹುರಳಿಕಾಳು ಬೇಯುವ ವಾಸನೆ ಮನೆಯಲ್ಲಿ ಎಲ್ಲಿ ಕೂತಿದ್ದರೂ ಹುಡುಕಿಕೊಂಡು ಬರುತ್ತದೆ. ಮೊನ್ನೆ ಭಾನುವಾರ ನಮ್ಮತ್ತೆ ನನ್ನನ್ನು ಒಂದು ಮಾತೂ ಕೇಳದೆ ಹುರಳಿ ನೆನೆಹಾಕಿದ್ದರು. "ಎಷ್ಟ್ ವರ್ಸ ಆಯ್ತು ಈ ಮನೇಲಿ ಉರ್ಳಿಕಟ್ಟಿನ ಸಾರು ಉಂಡು! ನೀನೊಬ್ಳು ಬ್ಯಾಡ ಅಂದ್ರೆ ನಾವೆಲ್ಲ ಬಾಯಿ ಕಟ್ಕಬೇಕಾ?" ಎಂದು ಕುಕ್ಕರನ್ನು ತಾವೇ ಒಲೆಯ ಮೇಲೆ ಇಟ್ಟರು. ಎರಡನೇ ವಿಷಲ್ ಕೂಗುವ ಹೊತ್ತಿಗೆ ನಾನು ಬಾಲ್ಕನಿಗೆ ಬಂದು ನಿಂತಿದ್ದೆ.

ಅಟ್ಟೂರಿನ ಈ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಬಾಲ್ಕನಿಯಿಂದ ಬಗ್ಗಿದರೆ ಕೆಳಗೆ ಸಾಲಾಗಿ ನಿಂತ ಕಾರುಗಳು ಕಾಣುತ್ತವೆ. ಎಡಗಡೆ ಮೂಲೆಯಲ್ಲಿ, ಈಗ ನೀರಿನ ಮೋಟಾರು ಇರುವ ಕಡೆ, ಒಂದು ಕಾಲದಲ್ಲಿ ಶೀಟಿನ ಶೆಡ್ಡಿತ್ತು. ಅದರಲ್ಲಿ ಚಾಂದ್ನಿ ಎಂಬ ಬಿಳಿ ಕುದುರೆ ಇತ್ತು. ಅವಳ ಪಕ್ಕದಲ್ಲಿ ಮಂಚ ಹಾಕಿಕೊಂಡು ಚಾಚಾ ಇದ್ದರು. ದಿನಾ ಬೆಳಿಗ್ಗೆ ಅವರು ಮೂರು ಕಲ್ಲಿನ ಒಲೆ ಹೂಡಿ ಹುರಳಿ ಬೇಯಿಸುತ್ತಿದ್ದರು... ಇದೇ ವಾಸನೆ.

ಚಾಚಾ ನನಗೆ ರಕ್ತಸಂಬಂಧವಲ್ಲ. ನನ್ನ ತವರು ಆರ್.ಟಿ. ನಗರ. ನಮ್ಮ ಗಲ್ಲಿಯ ಕೊನೆಯ ಮನೆ ಅವರದು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಒದಗಿಸುವುದು ಅವರ ಕಸುಬು. ಗಂಡು ಹಿಂದೂ ಆಗಲಿ ಮುಸಲ್ಮಾನನಾಗಲಿ, ಆ ಸುತ್ತಿನಲ್ಲಿ ಕುದುರೆ ಏರಬೇಕೆಂದರೆ ಚಾಚಾನ ಬಾಗಿಲಿಗೇ ಬರಬೇಕಿತ್ತು. ಅವರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಆದರೆ ಕುದುರೆಯ ವಿಷಯ ಎತ್ತಿದರೆ ಮುಗಿಯಿತು, ನಮ್ಮಮ್ಮ ಒಲೆಯ ಮೇಲೆ ಹಾಲಿಟ್ಟಿದ್ದನ್ನೂ ಮರೆತು ಕೇಳುತ್ತ ನಿಂತುಬಿಡುತ್ತಿದ್ದಳು.

ನಾನು ಪಿಯುಸಿ ಓದುವಾಗ ಚಾಂದ್ನಿಯನ್ನು ತಂದರು. ಮೂರು ವರ್ಷದ ಹೆಣ್ಣು ಮರಿ, ಸ್ಕೂಟರ್ ಹಾರ್ನ್ ಹೊಡೆದರೂ ಎಗರಿ ಬೀಳುತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ಬೇರೆ ಯಾರದೋ ಕುದುರೆ ಪಟಾಕಿಗೆ ಬೆದರಿ ಓಡಿ, ಮದುಮಗ ಬಿದ್ದು ಸೊಂಟ ಮುರಿದುಕೊಂಡಿದ್ದ. ಚಾಚಾ ಅದನ್ನು ಕಣ್ಣಾರೆ ನೋಡಿ ಬಂದಿದ್ದರು.

"ಓಡೋ ಕುದ್ರೆ ಯಾರ್ ಬೇಕಾದ್ರೂ ತಯಾರ್ ಮಾಡ್ತಾರೆ ಬೇಟಿ. ನಿಲ್ಲೋ ಕುದ್ರೆ ಮಾಡ್ಬೇಕು. ಅದೇ ಕೆಲ್ಸ," ಎಂದಿದ್ದರು.

ಆ ಕೆಲಸಕ್ಕೆ ಅವರು ನನ್ನನ್ನು ಸೇರಿಸಿಕೊಂಡರು. ಹಿತ್ತಲಲ್ಲಿ ಚಾಂದ್ನಿಯ ಹಣೆಯ ಮೇಲೆ ಅಂಗೈ ಇಟ್ಟು ಅವರು ನಿಲ್ಲುತ್ತಿದ್ದರು. ನಾನು ಹತ್ತು ಹೆಜ್ಜೆ ದೂರದಲ್ಲಿ ಖಾಲಿ ಎಣ್ಣೆ ಡಬ್ಬ ಹಿಡಿದು, ಅವರು ಕಣ್ಣು ಮಿಟುಕಿಸಿದಾಗ ಕೋಲಿನಿಂದ ಧಡಾರೆಂದು ಹೊಡೆಯಬೇಕು. ಅವಳು ಅಲುಗದೆ ನಿಂತರೆ ಬೆಲ್ಲ ಕಲಸಿದ ಒಂದು ಹಿಡಿ ಹುರಳಿ. ಅಲುಗಿದರೆ ಬೈಗುಳವಿಲ್ಲ, ಹೊಡೆತವಿಲ್ಲ, ಹುರಳಿಯೂ ಇಲ್ಲ. ಸದ್ದು ಪೂರ್ತಿ ಅಡಗಿದ ಮೇಲೆ ಚಾಚಾ ಅವಳ ಕಿವಿಯ ಹಿಂದೆ ಸವರಿ "ಚಲ್ ಬೇಟಾ" ಎನ್ನುವರು. ಆಮೇಲಷ್ಟೇ ಅವಳು ಹೆಜ್ಜೆ ಇಡಬೇಕು. ಬ್ಯಾಂಡಿನ ತಾಳಕ್ಕೆ ನಡೆಯಬಹುದು, ಧಡಾರೆಂದರೆ ಮಾತ್ರ ನಿಲ್ಲಬೇಕು. ಇದು ನಿಯಮ.

ಮೂರು ತಿಂಗಳು ಡಬ್ಬ ಬಾರಿಸಿದೆ. ಪರೀಕ್ಷೆಗೆ ಓದುವುದು ಬಿಟ್ಟು ಕುದುರೆಗೆ ಪಾಠ ಹೇಳುತ್ತಿದ್ದಾಳೆಂದು ಅಪ್ಪ ರೇಗಿದರು. ನಾನು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ, ಚಾಂದ್ನಿ ಮಾತ್ರ ರ‍್ಯಾಂಕ್ ಬಂದಳು. ಕಾಲ ಬುಡದಲ್ಲಿ ಸರಪಟಾಕಿ ಸಿಡಿದರೂ ಅವಳು ಕಣ್ಣು ಮಿಟುಕಿಸುತ್ತಿರಲಿಲ್ಲ. ಹೆಬ್ಬಾಳ, ಯಶವಂತಪುರದಿಂದೆಲ್ಲ ಆ ಕುದುರೆಯೇ ಬೇಕೆಂದು ಕೇಳಿಕೊಂಡು ಬಂದರು.

ನಾನು ಮದುವೆಯಾಗಿ ಅಟ್ಟೂರಿಗೆ ಬಂದೆ. ಮೊದಲು ರಾಗಿ, ಅವರೆ ಬೆಳೆಯುತ್ತಿದ್ದ ಮನೆ ಇದು. ಹೊಲವೆಲ್ಲ ಲೇಔಟಾಗಿ, ಕೊನೆಗೆ ಉಳಿದಿದ್ದು ಮನೆ ಪಕ್ಕದ ಈ ಖಾಲಿ ಜಾಗ. ಅತ್ತ ಆರ್.ಟಿ. ನಗರದ ಗಲ್ಲಿಯಲ್ಲಿ ಹಳೆಯ ಮನೆಗಳು ಬಿದ್ದು ನಾಲ್ಕು ಮಹಡಿಯವು ಎದ್ದವು. ಹೊಸದಾಗಿ ಬಂದವರಿಗೆ ಲದ್ದಿಯ ವಾಸನೆ ತಡೆಯಲಾಗಲಿಲ್ಲ. ದಿನಾ ಜಗಳ. ಚಾಚಾ ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ ನಾನೇ ಮಾವನವರನ್ನು ಕೇಳಿದೆ. "ಕಟ್ಕಳ್ಳಿ ಬುಡವ್ವ, ಕುದ್ರೆ ಏನು ಜಾಗ ತಿಂದೋಯ್ತದಾ?" ಎಂದರು. ಅವರ ಕಾಲದಲ್ಲಿ ಆರು ವರ್ಷ ಚಾಂದ್ನಿ ಇಲ್ಲಿದ್ದಳು. ನನ್ನ ಮಗಳು 'ಅಮ್ಮ' ಎನ್ನುವುದಕ್ಕೆ ಮೊದಲೇ 'ಕುದ್ದೆ' ಎಂದಳು. ಅತ್ತೆ ಲದ್ದಿ ಹಾಕಿ ಬೆಳೆಸಿದ ಕರಿಬೇವು ಬೀದಿಗೆಲ್ಲ ಸಾಕಾಗುತ್ತಿತ್ತು.

ಮಾವ ಹೋದರು. ವರ್ಷ ತುಂಬುವುದರೊಳಗೆ ನನ್ನ ಗಂಡ, ಭಾವ ಸೇರಿ ಜಾಗವನ್ನು ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಬೇಡ ಎನ್ನುತ್ತಿದ್ದೆನೇ? ಹೊಸ ಮನೆ ನನಗೂ ಬೇಕಾಗಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಗಂಡುಗಳೆಲ್ಲ ತೆರೆದ ಕಾರು ಏರುವ ಕಾಲ ಬಂದಿತ್ತು, ಚಾಚಾನನ್ನು ಕರೆಯುವವರೂ ಕಡಿಮೆಯಾಗಿದ್ದರು.

ಆಗ ನನಗೊಂದು ಉಪಾಯ ಹೊಳೆಯಿತು, ಆ ಉಪಾಯಕ್ಕೆ ಬೆಂಕಿ ಬೀಳ. ನನ್ನ ಗಂಡನ ಸ್ನೇಹಿತನ ಪರಿಚಯದವರೊಬ್ಬರು ಉತ್ತರ ಕನ್ನಡದ ಒಂದು ಬೀಚಿನಲ್ಲಿ ಪ್ರವಾಸಿಗಳಿಗೆ ಕುದುರೆ ಸವಾರಿ ನಡೆಸುತ್ತಿದ್ದರು. ಪ್ರವಾಸಿಗಳನ್ನು ಮೇಲೆ ಕೂರಿಸಿ, ಗೈಡು ಲಗಾಮು ಹಿಡಿದು, ಬೀಚಿನ ಈ ತುದಿಯ ಬಂಡೆಯಿಂದ ಆ ತುದಿಯ ದೋಣಿಗಳವರೆಗೆ ನಡೆಸಿಕೊಂಡು ಹೋಗಿ ಬರುವುದು. ಸಾಧು ಕುದುರೆ ಬೇಕಂತೆ, ಅನುಭವದ ಗೈಡು ಬೇಕಂತೆ. ಒಂದೇ ಷರತ್ತು, ಕುದುರೆಯನ್ನು ಅವರ ಹೆಸರಿಗೆ ಬರೆದುಕೊಡಬೇಕು. ಚಾಚಾ ಹಿಂದೆಮುಂದೆ ನೋಡಿದರು.

"ನೀವೇ ಜೊತೇಲಿರ್ತೀರಲ್ಲ ಚಾಚಾ, ಹೆಸರು ಯಾರದಾದ್ರೇನು? ಸೈನ್ ಹಾಕಿ," ಎಂದೆ.

ಅವರು ಆವತ್ತಿನವರೆಗೆ ಸಮುದ್ರ ನೋಡಿದವರಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು. "ಅಲ್ಲಿ ಪಟಾಕಿ ಗಿಟಾಕಿ ಹೊಡೆಯಲ್ಲ ತಾನೆ?"

ನಾನು ನಕ್ಕುಬಿಟ್ಟೆ. "ಸಮುದ್ರ ಚಾಚಾ! ತಣ್ಣಗಿರುತ್ತೆ, ಗದ್ದಲ ಇರಲ್ಲ." ಸಮುದ್ರವನ್ನು ಮೂರು ಸಲ ನೋಡಿದ್ದವಳು ನಾನು. ಆದರೂ ಹಾಗೆಂದೆ.

ಚಾಂದ್ನಿಯನ್ನು ಕ್ಯಾಂಟರಿಗೆ ಹತ್ತಿಸಿದ್ದು ಬೆಳಗಿನ ಎಂಟು ಗಂಟೆಗೆ. ಹಿಂದಿನ ಬಾಗಿಲು ಧಡ್ ಎಂದು ಬಿತ್ತು. ಅವಳು ಕದಲದೆ ನಿಂತಳು. ಚಾಚಾ ಹೆಮ್ಮೆಯಿಂದ ನನ್ನ ಕಡೆ ನೋಡಿ, ಅವಳ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತು ಹೊರಟರು.

ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. "ಚೆನ್ನಾಗಿದೀವಿ, ಮೀನು ತುಂಬ ಸಿಗುತ್ತೆ," ಎನ್ನುತ್ತಿದ್ದರು. ಚಾಂದ್ನಿ ಹೇಗಿದ್ದಾಳೆ ಎಂದರೆ, "ಕಲೀತಾಳೆ ಬೇಟಿ, ಟೈಂ ಕೊಡ್ಬೇಕು," ಎನ್ನುವರು. ಏನು ಕಲಿಯಬೇಕು ಎಂದು ನಾನು ಕೇಳಲಿಲ್ಲ. ಇಲ್ಲಿ ಪಾಯ ತೆಗೆಯುತ್ತಿದ್ದರು, ಅದರ ಧೂಳು, ಅದರ ರಗಳೆ...

ದಸರಾ ರಜೆಗೆ ನಾವು ಮೂವರೂ ಹೋದೆವು. ಮಗಳಿಗೆ ಆಗ ಐದು ವರ್ಷ. ಬೀಚಿಗೆ ಇಳಿದ ಕೂಡಲೆ ಕುದುರೆಗಳು ಕಂಡವು. ಎರಡು ಕಂದು ಕುದುರೆಗಳು ಜನರನ್ನು ಹೊತ್ತು ನೀರಿನ ಅಂಚಿನಲ್ಲಿ ನಡೆಯುತ್ತಿದ್ದವು. ಒಂದು ಬಿಳಿ ಕುದುರೆ ಮಾತ್ರ ನಿಂತಿತ್ತು. ಮೇಲೆ ಕೂತಿದ್ದವನು ಕಾಲಿನಿಂದ ತಿವಿಯುತ್ತಿದ್ದ, ಅವನ ಜೊತೆಯವರು ನಗುತ್ತ ವಿಡಿಯೋ ಮಾಡುತ್ತಿದ್ದರು. ಚಾಚಾ ಅವಳ ಕಿವಿಯ ಹಿಂದೆ ಸವರಿ "ಚಲ್ ಬೇಟಾ" ಎಂದರು. ಅವಳು ಒಂದು ಹೆಜ್ಜೆ ಇಟ್ಟಳು, ಎರಡು ಹೆಜ್ಜೆ ಇಟ್ಟಳು. ಅಲೆಯೊಂದು ಬಂದು ಧಡಾರೆಂದು ಬಡಿಯಿತು. ಅವಳು ನಿಂತಳು.

ನನಗೆ ಆಗ ತಿಳಿಯಿತು. ಸದ್ದು ಅಡಗಿದ ಮೇಲೆ ನಡೆಯಬೇಕು ಎಂದು ನಾವು ಕಲಿಸಿದ್ದೆವು. ಸಮುದ್ರದ ಸದ್ದು ಅಡಗುವುದೇ ಇಲ್ಲ.

ಆ ಸವಾರ ಇಳಿದು ಹೋದ ಮೇಲೆ ಚಾಚಾ ನಮ್ಮನ್ನು ನೋಡಿದರು. ಕಪ್ಪಾಗಿದ್ದರು, ಇನ್ನಷ್ಟು ಇಳಿದಿದ್ದರು. ಕಿವಿಗೆ ಹತ್ತಿ ತುರುಕಿ ನೋಡಿದರಂತೆ. ಅಲೆ ಕಾಣದಿರಲೆಂದು ಅವಳಿಗೂ ನೀರಿಗೂ ನಡುವೆ ತಾವು ನಡೆದರಂತೆ. ಮೇಲೆ ಗಾಳಿಮರದ ತೋಪಿನ ಪಕ್ಕ ನಡೆಸಿದರೆ ಚೆನ್ನಾಗಿ ನಡೆಯುತ್ತಾಳೆ, ಆದರೆ ಬೀಚಿಗೆ ಬಂದು ಮರದ ಕೆಳಗೆ ಸವಾರಿ ಮಾಡಲು ಯಾರು ಒಪ್ಪುತ್ತಾರೆ?

"ಹೊಸದಾಗಿ ಕಲಿಸೋಕಾಗಲ್ವಾ ಚಾಚಾ?" ಎಂದೆ.

"ಹನ್ನೆರಡು ವರ್ಷ ಶಭಾಷ್ ಅಂತ ಹುರಳಿ ತಿನ್ಸಿದೀನಿ. ಈಗ ತಪ್ಪು ಅಂತ ಹೆಂಗ್ ಹೇಳ್ಲಿ? ಅವ್ಳು ತಪ್ಪೇ ಮಾಡಿಲ್ವಲ್ಲ ಬೇಟಿ," ಎಂದರು.

ಮಗಳು ಕುದುರೆ ಹತ್ತಬೇಕೆಂದು ಹಟ ಹಿಡಿದಳು. ಚಾಚಾ ಅವಳನ್ನು ಎತ್ತಿ ಜೀನಿನ ಮೇಲೆ ಕೂರಿಸಿದರು. ಅಷ್ಟರಲ್ಲಿ ಎಲ್ಲಿತ್ತೋ ದೊಡ್ಡ ಅಲೆ, ಮೊಣಕಾಲಿನವರೆಗೆ ನೊರೆ ಎದ್ದು ಬಂತು. ಕಂದು ಕುದುರೆಗಳೆರಡೂ ಹಿಂದಕ್ಕೆ ಹಾರಿದವು, ಒಂದರ ಮೇಲಿದ್ದ ಹೆಂಗಸು ಕಿರುಚಿಕೊಂಡಳು. ನಾನು ಮಗಳ ಕಡೆ ಓಡಿದೆ. ಚಾಂದ್ನಿ ನಿಂತಲ್ಲೇ ನಿಂತಿದ್ದಳು. ಕಾಲ ಕೆಳಗಿನ ಮರಳು ಜಾರುತ್ತಿದ್ದರೂ ಅಲುಗಲಿಲ್ಲ. ಮಗಳು ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

"ನೋಡಿದ್ಯಾ?" ಎಂದರು ಚಾಚಾ. ಅವರ ಮುಖ ಅರಳಿಹೋಗಿತ್ತು. "ಒಂದ್ ಗೊರಸು ಎತ್ತಿಲ್ಲ! ನೋಡಿದ್ಯಾ ಬೇಟಿ?" ಒಂದು ಗಳಿಗೆ ಆರ್.ಟಿ. ನಗರದ ಹಿತ್ತಲಿನ ಚಾಚಾ ವಾಪಸು ಬಂದಿದ್ದರು. ಆಮೇಲೆ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮಾಲೀಕರ ಕಡೆ ನೋಡಿ, ಮಗಳನ್ನು ಕೆಳಗಿಳಿಸಿದರು.

ಮಾಲೀಕರ ಬಳಿ ನಾನೇ ಹೋಗಿ ಮಾತಾಡಿದೆ. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ಮೇಡಂ, ನಾಲ್ಕು ತಿಂಗಳು ನೋಡಿದೆ. ಏನ್ ಮಾಡೂದು ನೀವೇ ಹೇಳಿ. ನಡೆಯೂದಿಲ್ಲ ಅಂದ್ರೆ ಬೇರೆ ಕಡೆ ಕೊಡಬೇಕಾಗ್ತದೆ. ಅವರು ಬೇಕಾದ್ರೆ ಇರಲಿ, ಬೇರೆ ಕುದುರೆ ನಡೆಸಲಿ," ಎಂದರು. ಚಾಂದ್ನಿಯನ್ನು ನಾವು ಕರೆದುಕೊಂಡು ಹೋಗುವುದಾದರೆ ತಮ್ಮದೇನೂ ಅಡ್ಡಿಯಿಲ್ಲ, ದೀಪಾವಳಿವರೆಗೆ ಕಾಯುತ್ತೇನೆ ಎಂದೂ ಹೇಳಿದರು.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ಮೀನಿನ ಮುಳ್ಳು ಬಿಡಿಸುತ್ತ, "ಎಲ್ಲಿ ಕಟ್ತೀಯ ಹೇಳೇ? ಪಾಯ ತೆಗ್ದಾಗಿದೆ. ಬೇಸ್‌ಮೆಂಟಲ್ಲಿ ಕಟ್ತೀಯಾ?" ಎಂದರು. ವ್ಯಂಗ್ಯಕ್ಕೆ ಕೇಳಿದ್ದಲ್ಲ.

ಊರಿಗೆ ಬಂದು ಸುಮ್ಮನೆ ಕೂರಲಿಲ್ಲ. ಯಲಹಂಕದ ಆಚೆ ಕುದುರೆ ಸವಾರಿ ಕಲಿಸುವವರನ್ನು ಕೇಳಿದೆ, ವಯಸ್ಸಾಯಿತು ಎಂದರು. ಗೋಶಾಲೆಯವರು ಹಸು ಮಾತ್ರ ಎಂದರು. ದೇವನಹಳ್ಳಿ ಕಡೆ ತೋಟವಿದ್ದ ನಾದಿನಿಗೆ ಫೋನು ಮಾಡಿದರೆ, ಅವರದೂ ಮಾರಾಟಕ್ಕೆ ಮಾತಾಗಿತ್ತು. ಬೆಂಗಳೂರಿನ ಉತ್ತರದ ಊರುಗಳಲ್ಲಿ ನಮ್ಮವರಿಗೆಂದು ಎಷ್ಟು ಎಕರೆ ಇತ್ತು ಎಂದು ಅತ್ತೆ ಈಗಲೂ ಲೆಕ್ಕ ಹೇಳುತ್ತಾರೆ. ಒಂದು ಕುದುರೆ ನಿಲ್ಲುವಷ್ಟು ಜಾಗ ನನಗೆ ಸಿಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವಳನ್ನು ನೋಡಿಯೇ.

ದೀಪಾವಳಿ ಕಳೆದು ಹತ್ತು ದಿನಕ್ಕೆ ಚಾಚಾನೇ ಫೋನು ಮಾಡಿದರು. ಹಿಂದೆ ಅಲೆಯ ಸದ್ದು ಕೇಳುತ್ತಿತ್ತು.

"ಲಾರಿ ಬಂದಿತ್ತು ಬೇಟಿ. ನಾನೇ ಹತ್ತಿಸ್ದೆ. ಬೇರೆಯವ್ರು ಎಳೆದ್ರೆ ಬರಲ್ಲ ಅವ್ಳು."

"ಎಲ್ಲಿಗೆ ಚಾಚಾ? ಯಾರ್ ತಗೊಂಡ್ ಹೋದ್ರು?"

"ಕೇಳ್ದೆ. ಆ ಕಡೆ, ಘಟ್ಟದ ಮೇಲೆ ಅಂದ್ರು. ಡ್ರೈವರ್‌ಗೂ ಸರಿಯಾಗಿ ಗೊತ್ತಿಲ್ಲ." ಆಮೇಲೆ ಅವರೇ ಮುಂದುವರಿಸಿದರು, "ಬಾಗ್ಲು ಹಾಕಿದ್ರು, ಧಡ್ ಅಂತು. ನಿಂತ್ಲು. ತಿರುಗಿ ಕೂಡ ನೋಡ್ಲಿಲ್ಲ. ನಾವೇ ಕಲ್ಸಿದ್ದಲ್ವಾ..."

'ನಾವೇ' ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಲ್ಲಿಗೆ ಬಂದುಬಿಡಿ ಚಾಚಾ, ಎಂದೆ. ಬರ್ತೀನಿ ಎಂದರು. ಬರಲಿಲ್ಲ. ಬೇರೆ ಕುದುರೆಯ ಲಗಾಮನ್ನೂ ಹಿಡಿಯಲಿಲ್ಲವಂತೆ, ಅದೇ ವಾರ ಬ್ಯಾಗು ತಗೊಂಡು ಹೋದರು ಎಂದು ಮಾಲೀಕರು ಹೇಳಿದರು. ಆಮೇಲೆ ಆ ನಂಬರು ಸ್ವಿಚ್ ಆಫ್. ಆರ್.ಟಿ. ನಗರದ ಮಸೀದಿಯ ಹತ್ತಿರ, ಹಳೆಯ ಗಲ್ಲಿಯಲ್ಲಿ, ಲಾಳ ಹೊಡೆಯುವವನ ಅಂಗಡಿಯಲ್ಲಿ ವಿಚಾರಿಸಿದೆ. ಕಂಡವರಿಲ್ಲ. ಕುದುರೆಯನ್ನು ಹುಡುಕಿಕೊಂಡು ಘಟ್ಟ ಹತ್ತಿದರೋ ಏನೋ... ಎಂಟು ವರ್ಷವಾಯಿತು.

ಒಳಗಿನಿಂದ ಅತ್ತೆ ಕರೆದರು. ಸಾರಿನ ಘಮ ಮನೆಯೆಲ್ಲ ತುಂಬಿತ್ತು. ಅವರ ಮನಸ್ಸಿಗೆ ಬೇಜಾರಾಗದಿರಲೆಂದು ಎರಡು ತುತ್ತು ಉಂಡೆ. ಆ ಹೊತ್ತಿಗೇ ಬೀದಿಯಲ್ಲಿ ಯಾವುದೋ ಮೆರವಣಿಗೆ ಬಂದು ಸರಪಟಾಕಿ ಸಿಡಿಯಿತು. ಹದಿಮೂರು ವರ್ಷದ ಮಗಳು ಕಿವಿ ಮುಚ್ಚಿಕೊಂಡು ಎದ್ದು ಬಾಲ್ಕನಿ ಬಾಗಿಲು ಹಾಕಿದಳು. ಚಾಂದ್ನಿ ಅವಳಿಗೆ ನೆನಪಿಲ್ಲ, ಫೋಟೋದಲ್ಲಿ ನೋಡಿದ್ದಷ್ಟೆ.

ನನ್ನ ಕೈ ತಟ್ಟೆಯಲ್ಲೇ ಉಳಿಯಿತು. ಘಟ್ಟದ ಮೇಲೆ ಯಾವುದೋ ಊರಿನಲ್ಲಿ, ಯಾವುದೋ ಸದ್ದಿಗೆ ಅವಳು ನಿಂತಿರುತ್ತಾಳೆ. ಸುತ್ತಲಿನವರು ಹೊಡೆಯುತ್ತಿರಬಹುದು, ಬೈಯುತ್ತಿರಬಹುದು. ಅವಳು ಕಿವಿಯ ಹಿಂದೆ ಒಂದು ಕೈಗಾಗಿ ಕಾಯುತ್ತಿರುತ್ತಾಳೆ. ನಿಲ್ಲು ಎಂದು ಕಲಿಸಲು ನಾವಿಬ್ಬರಿದ್ದೆವು. ಸದ್ದು ಮುಗಿಯಿತು, ಇನ್ನು ನಡೆ ಎಂದು ಹೇಳಲು ಅವಳ ಹತ್ತಿರ ಯಾರೂ ಇಲ್ಲ.