ಮುನ್ನೂರ ಐವತ್ತು ಮತ್ತು ಹತ್ತರ ನಡುವೆ

ಅಂದು ಬೆಳಗ್ಗೆಯೂ ಎಂದಿನಂತೆ ಮಂಡಕ್ಕಿ ಒಗ್ಗರಣೆ ಮಾಡಿ ಯಜಮಾನರ ಡಬ್ಬಿ ಕಟ್ಟಿದೆ. ಸಂಡೂರಿನ ಗಣಿಯೊಂದರಲ್ಲಿ ಅವರು ಡಂಪರ್ ಓಡಿಸುತ್ತಾರೆ. ಅವತ್ತು ಅವರ ಗಾಡಿಯಲ್ಲಿ ಹೊಸ ಕಂಪ್ಯೂಟರ್ ಪರದೆ ಚಾಲೂ ಆಗುವುದಿತ್ತು. ಧೂಳು ಕವಿದಾಗ ಗಾಡಿ ಯಾವ ಕಡೆಗೆ ಮುಖ ಮಾಡಿದೆ ಎಂದು ಅದರಲ್ಲೊಂದು ಬಾಣ ತೋರಿಸುತ್ತದೆ. ಆ ಬಾಣ ಬಿಡಿಸುವ ಗ್ರಾಫಿಕ್ಸ್ ಲೈಬ್ರರಿಯ ಪುಟ್ಟ ಪುಟ್ಟ ಲೆಕ್ಕದ ಫಂಕ್ಷನ್‌ಗಳು ಸರಿಯಾದ ಉತ್ತರ ಕೊಡುತ್ತವೆಯೇ ಎಂದು ನೋಡುವ ಟೆಸ್ಟ್ ಬರೆಯುವುದು ಹೊಸಪೇಟೆಯ ಮನೆಯಲ್ಲೇ ಕೂತು ನಾನು ಮಾಡುವ ಕೆಲಸ.

"ನೀನಽ ಪಾಸ್ ಮಾಡೀದಿ ಅಂದ ಮ್ಯಾಲ ನನಗೇನ ಅಂಜಿಕಿ ಬಿಡು," ಎಂದು ನಗುತ್ತಾ ಬಸ್ ಹತ್ತಿದರು.

ಹಾಲು ಕಾಯಿಸಿಟ್ಟು ರಂಗೋಲಿಗೆ ಕೂತೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕೋನಮಾಪಕ ಕೈಗಿತ್ತ ದಿನದಿಂದ ಒಂದು ಚಟ: ದುಂಡಗೆ ಗೆರೆ ಎಳೆಯುವಾಗ ಮನಸ್ಸಿನಲ್ಲೇ ಡಿಗ್ರಿ ಎಣಿಸುತ್ತೇನೆ. ಹೊಸ್ತಿಲ ಬಳಿ ಸೊನ್ನೆ, ತುಳಸಿಯ ಕಡೆ ತೊಂಬತ್ತು, ಬೀದಿಯ ಕಡೆ ನೂರೆಂಬತ್ತು. ಟೆಸ್ಟಿನ ಅಂಕಿಗಳನ್ನೂ ಹೀಗೇ ರಂಗೋಲಿಯ ಮೇಲಿಂದಲೇ ಆರಿಸಿದ್ದೆ. ಬಾಣ ತಿರುಗುವಾಗ ಎರಡು ದಿಕ್ಕುಗಳ ನಡುವಿನ ದಿಕ್ಕು ಹೇಳುವ ಫಂಕ್ಷನ್‌ಗೆ ಹತ್ತು, ಮೂವತ್ತು ಕೊಟ್ಟರೆ ಇಪ್ಪತ್ತು ಬಂತು. ತೊಂಬತ್ತು, ನೂರೆಂಬತ್ತು ಕೊಟ್ಟರೆ ನೂರ ಮೂವತ್ತೈದು. ಎಲ್ಲಾ ಸರಿ ಎಂದು ಕಳಿಸಿಬಿಟ್ಟಿದ್ದೆ.

ಗೆರೆ ಸುತ್ತಿಕೊಂಡು ಮತ್ತೆ ಹೊಸ್ತಿಲಿಗೆ ಬಂತು. ಇನ್ನು ಕೂಡಿಸಬೇಕು. ಬೆರಳು ಅಲ್ಲೇ ನಿಂತಿತು. ಈ ಕಡೆ ಮುನ್ನೂರ ಐವತ್ತು, ಆ ಕಡೆ ಹತ್ತು, ನಡುವೆ ಹೊಸ್ತಿಲು. ಫಂಕ್ಷನ್ ಮಾತ್ರ ಎರಡನ್ನೂ ಕೂಡಿಸಿ ಅರ್ಧ ಮಾಡಿ ನೂರೆಂಬತ್ತು ಎನ್ನುತ್ತದೆ. ಅಂದರೆ ಬೀದಿ. ಬಾಣ ಪೂರ್ತಿ ಹಿಂದಕ್ಕೆ! ಹೊಸ್ತಿಲಿನ ಆಚೀಚೆಯ ಅಂಕಿಗಳನ್ನು ನಾನು ಒಮ್ಮೆಯೂ ಕೊಟ್ಟು ನೋಡಿರಲಿಲ್ಲ.

ಪುಡಿಯ ಕೈಯಲ್ಲೇ ಒಳಗೆ ಓಡಿ ಟೆಸ್ಟ್ ಬರೆದೆ. ಕೆಂಪು ಬಂತು, ಅಂದರೆ ಫೇಲ್. ಗಣಿಯೊಳಗೆ ಫೋನ್ ಒಯ್ಯುವಂತಿಲ್ಲ. ನನಗೆ ಕೆಲಸ ಕೊಡುವ ಮೇಡಂಗೆ ಫೋನ್ ಹಚ್ಚಿದೆ.

"ಮೊದ್ಲ ಅಳೋದು ಬಿಡ್ರಿ. ಗಾಡಿ ಎಷ್ಟೊತ್ತಿಗೆ ಹೊಂಡಕ್ಕ ಇಳಿತಾವ?"

"ಎಂಟಕ್ಕರಿ."

ಗಡಿಯಾರದಲ್ಲಿ ಎಂಟಕ್ಕೆ ಏಳು ನಿಮಿಷ ಬಾಕಿ.

"ಗಣಿ ಆಫೀಸಿಗೆ ಹೇಳ್ತೀನಿ. ನಾನೂ ಹೊಂಟೆ. ಇಡ್ರಿ ಫೋನು!"

ಆಮೇಲೆ ಮೇಡಂ ಫೋನೂ ಹತ್ತಲಿಲ್ಲ. ಕೀಬೋರ್ಡಿನ ಮೇಲೆ ಮೂರು, ಐದು, ಸೊನ್ನೆಗಳಿಗೆ ಬಿಳಿ ಪುಡಿ ಅಂಟಿತ್ತು. ಮೂಲೆಯಲ್ಲಿ ಯಜಮಾನರ ಚಪ್ಪಲಿ ಗೋಡೆಗೆ ಮುಖ ಮಾಡಿತ್ತು. ಅದನ್ನು ತಿರುಗಿಸಿಟ್ಟೆ, ಮತ್ತೆ ನೋಡಿದೆ, ಇನ್ನೊಮ್ಮೆ ನೋಡಿದೆ. ಬೀದಿಯಲ್ಲಿ ಯಾವ ಗಾಡಿ ನಿಂತರೂ ಬಾಗಿಲಿಗೆ ಓಡುತ್ತಿದ್ದೆ. ಅನ್ನ ಮಾಡಿದೆ, ಉಣ್ಣಲಿಲ್ಲ.

ಸಂಜೆ ಗೇಟು ಸದ್ದಾಯಿತು. ಹುಬ್ಬಿನವರೆಗೂ ಕೆಂಪು ಧೂಳು, ಕೈಯಲ್ಲಿ ಖಾಲಿ ಡಬ್ಬಿ.

"ಪರದಿ ಚಾಲೂನಽ ಮಾಡ್ಲಿಲ್ಲ ನೋಡು. ಯಾರೋ ಹೆಣ್ಣಮಗಳು ತಪ್ಪು ಹಿಡದಾಳಂತ. ಭಾಳ ಶಾಣ್ಯಾಕಿ ಇರಬೇಕು."

ಆ ತಪ್ಪನ್ನು ಪಾಸ್ ಮಾಡಿದವಳೂ ಅವಳೇ. ಅವರ ಕಾಲಿಗೆ ನೀರು ಹಾಕಿದೆ.

ಕಸ ಚೆಲ್ಲಲು ಬಂದ ಪಕ್ಕದ ಮನೆಯಾಕೆ ಅಂಗಳ ನೋಡಿ ನಿಂತಳು.

"ಏನ್ರೀ ಅಕ್ಕಾರ, ರಂಗೋಲಿ ಮುಂಜಾನಿಂದ ಹಂಗಽ ಬಾಯಿ ಬಿಟ್ಕೊಂಡೈತಿ. ಇರುವಿಗೆ ದಾರಿ ಬಿಟ್ಟೀರೇನು?"