ಎರಡನೆಯ ಸ್ವರ

ನಮ್ಮ ಅಡುಗೆಮನೆಯ ಗೋಡೆಗೆ ಹೊಡೆದ ಹಲಗೆಯ ತುದಿಯಲ್ಲಿ ಎರಡು ಹಿತ್ತಾಳೆ ಲೋಟಗಳಿವೆ. ಉಳಿದ ಪಾತ್ರೆಗಳೆಲ್ಲ ಗಾತ್ರಕ್ಕೆ ತಕ್ಕಂತೆ ದೂರ ದೂರ ನಿಂತಿದ್ದರೆ ಇವೆರಡು ಮಾತ್ರ ಅಂಚಿಗೆ ಅಂಚು ತಾಗಿಸಿಕೊಂಡು, ಗುಟ್ಟು ಹೇಳಿಕೊಳ್ಳುವ ಗೆಳತಿಯರಂತೆ ನಿಂತಿರುತ್ತವೆ. ವಸ್ತುಗಳ ನಡುವೆ ಒಂದಿಷ್ಟು ಜಾಗವಿರಬೇಕೆಂದು ಬಯಸುವವಳು ನಾನು; ಮನುಷ್ಯರ ವಿಷಯದಲ್ಲೂ ನನ್ನದು ಅದೇ ಹಟವೆಂದು ಅಮ್ಮ ಹೇಳುತ್ತಾಳೆ. ಮೈಸೂರಿನಲ್ಲಿ ಓದು ಮುಗಿಸಿ ಬಂದಂದಿನಿಂದ ಕಣ್ಣಿಗೆ ಬಿದ್ದಾಗಲೆಲ್ಲ ನಾನು ಅವನ್ನು ಬೇರೆ ಮಾಡಿ ಇಡುತ್ತಿದ್ದೆ. ನಾನು ಬೆನ್ನು ತಿರುಗಿಸಿದ ಮೇಲೆ ಅಮ್ಮ ಮತ್ತೆ ಕೂಡಿಸುತ್ತಿದ್ದಳು.

ಕಾರಣವನ್ನು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ನೀವು ಬೇರೆ ಊರಿನವರಾದರೆ ಹೇಳುತ್ತೇನೆ. ಚಿನ್ನದ ಗಣಿಯ ಆಳದಲ್ಲಿ ಬಂಡೆ ಒಮ್ಮೊಮ್ಮೆ ತಾನಾಗಿಯೇ ಸಿಡಿಯುತ್ತದೆ. ಅದನ್ನು ಇಲ್ಲಿ ಏರ್‌ಬ್ಲಾಸ್ಟು ಎನ್ನುತ್ತಾರೆ. ನೆಲದ ಮೇಲಿರುವ ನಮಗೆ ಅದು ಗುಡುಗಿನಷ್ಟು ದೊಡ್ಡದಾಗಿಯೂ ಕೇಳುವುದಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಅಕ್ಕಿಮೂಟೆ ಇಳಿಸಿದಂಥ ಒಂದು ದಪ್ಪ ಸದ್ದು, ಅದರ ಬೆನ್ನಿಗೇ ಲೋಟಗಳ ಕಿಣಿಕಿಣಿ. ಆಗ ರಾಬರ್ಟ್‌ಸನ್‌ಪೇಟೆಯ ನಮ್ಮ ಸಾಲುಮನೆಗಳ ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಬರುತ್ತಾರೆ. ಗಣಿಗೆ ಆಳುಗಳನ್ನು ಇಳಿಸುವ ಶಾಫ್ಟಿನ ತುದಿಯ ಗಾಲಿಗಳತ್ತ ನೋಡುತ್ತಾ ನಿಲ್ಲುತ್ತಾರೆ. ನಮ್ಮಪ್ಪ ಶಾಲೆಯ ಮೇಷ್ಟರು, ಗಣಿಗೆ ಇಳಿದವರಲ್ಲ. ಸಣ್ಣ ನಡುಕವೂ ಕೇಳಿಸಲೆಂದು ಲೋಟ ತಾಗಿಸಿಡುವ ರೂಢಿಯನ್ನು ಅಮ್ಮ ಪಕ್ಕದ ಮನೆಯ ರಾಜಮ್ಮನಿಂದ ಕಲಿತಳು. ಕ್ಯಾಸಂಬಳ್ಳಿ ಕಡೆಯಿಂದ ಮದುವೆಯಾಗಿ ಬಂದ ರಾಜಮ್ಮನ ಗಂಡ ಗುರಪ್ಪ, ಆಳದ ಸುರಂಗಗಳಿಗೆ ಮರದ ಆಸರೆ ಕೊಡುವವನು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ; ಹಲಗೆಗಳೂ ಆ ಗೋಡೆಗೇ ಆಚೆ ಈಚೆ ಹೊಡೆದವು.

ಇಂಥ ಮನೆಗೆ ನನ್ನ ತಮ್ಮ ಸೀನ, ಮಂದ್ರದಲ್ಲಷ್ಟೇ ನುಡಿಯುವ ಒಂದು ಬೇಸ್ ಗಿಟಾರ್ ತಂದ.

ಸೀನ ಗಣಿಯ ವರ್ಕ್‌ಶಾಪಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು. ಅವನ ಸ್ನೇಹಿತರು ಇಬ್ಬರು: ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಅರುಳ್, ಕ್ಲಬ್ಬಿನ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದ ಆಂಗ್ಲೋ ಇಂಡಿಯನ್ ಹುಡುಗ ಡೆಸ್ಮಂಡ್. ಭಾನುವಾರ ಮಧ್ಯಾಹ್ನ ಮೂವರೂ ನಮ್ಮ ಜಗುಲಿಯ ಮೇಲೆ ಕೂತರೆಂದರೆ ಕನ್ನಡ, ತಮಿಳು, ಇಂಗ್ಲಿಷ್ ಒಂದರ ಕಾಲನ್ನೊಂದು ತುಳಿಯುತ್ತಾ ಓಡುತ್ತಿದ್ದವು. ಕಿಟಕಿಯ ಒಳಗೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು, ಕೇಳುತ್ತಿಲ್ಲವೆಂಬ ಮುಖ ಮಾಡಿಕೊಂಡು ಎಲ್ಲವನ್ನೂ ಕೇಳುತ್ತಿದ್ದೆ. ಹಳೆಯ ಗಿಟಾರ್ ಕೊಳ್ಳುವವನು ಮೊದಲು ಏನನ್ನು ನೋಡಬೇಕು ಎಂಬುದು ಅವರ ಮುಗಿಯದ ವಾದ. ಕತ್ತು ಬಾಗಿದೆಯೇ ಎಂದು ಬಡಗಿಯ ಹಾಗೆ ಒಂದು ಕಣ್ಣು ಮುಚ್ಚಿ ನೋಡಬೇಕೆಂದು ಅರುಳ್. ಬಾಗಿದರೆ ನೆಟ್ಟಗೆ ಮಾಡಬಹುದು, ಸದ್ದು ಹಿಡಿಯುವ ಒಳಗಿನ ತಂತಿಯ ಸುರುಳಿಗೆ ಜೀವವಿದೆಯೇ ಎಂಬುದೇ ಮುಖ್ಯವೆಂದು ಸೀನ. ಎರಡೂ ಅಲ್ಲ, ಬಣ್ಣ ಎಲ್ಲಿ ಸವೆದಿದೆ ನೋಡಬೇಕು, ಎಲ್ಲೂ ಸವೆಯದಿದ್ದರೆ ಅದನ್ನು ಯಾರೂ ಪ್ರೀತಿಸಲಿಲ್ಲವೆಂದು ಅರ್ಥ ಎಂದು ಡೆಸ್ಮಂಡ್.

ಆ ಮಾತಿಗೆ ನನ್ನ ಕೆಂಪು ಶಾಯಿಯ ಪೆನ್ನು ಒಂದು ಕ್ಷಣ ನಿಂತಿತ್ತು.

ಡೆಸ್ಮಂಡನ ಕುಟುಂಬ ಆಸ್ಟ್ರೇಲಿಯಾಕ್ಕೆ ಹೊರಟಿತ್ತು. ಆ ವರ್ಷಗಳಲ್ಲಿ ಆಂಗ್ಲೋ ಇಂಡಿಯನ್ನರ ಬಂಗಲೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು; ಕುರ್ಚಿ, ಕನ್ನಡಿ, ಪಿಂಗಾಣಿ ಎಲ್ಲವೂ ವರಾಂಡಕ್ಕೆ ಬಂದು ಗಿರಾಕಿಗಳಿಗಾಗಿ ಕಾಯುತ್ತಿದ್ದವು. ಹೊರಡುವ ಹೊತ್ತಿಗೆ ಡೆಸ್ಮಂಡನ ಗಿಟಾರ್ ಮೂಕವಾಗಿತ್ತು. ಸುರುಳಿ ಎಲ್ಲೋ ಒಳಗೆ ಕಡಿದಿತ್ತು, ಎಲ್ಲಕ್ಕಿಂತ ದಪ್ಪನೆಯ ತಂತಿಯೂ ಹೋಗಿತ್ತು. ಸೀನ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದ. ಅರುಳ್ ಆಕಳಿಸಿ, "ಮಚ್ಚಾ, ನಾಳೆ ಹೆಣ್ಣು ನೋಡೋಕೆ ಹೋದ್ರೂ ಹಿಂಗೇ ನೋಡ್ತಾ ಕೂತ್ಕೊಂಡ್ರೆ ಅವಳು ಒಳಗೆ ಹೋಗಿ ಮಲ್ಕೊಂಡಿರ್ತಾಳೆ" ಎಂದ. ಡೆಸ್ಮಂಡ್ ನಗಲಿಲ್ಲ. "ಬಂಗಾರಪೇಟೆಲಿ ರೈಲ್ವೇಯವನೊಬ್ಬ ಕೇಳ್ತಿದಾನೆ, ಮ್ಯಾನ್. ಅವನಿಗೆ ಕೊಡೋಕೆ ನಂಗೆ ಇಷ್ಟ ಇಲ್ಲ. ನೀನು ಇದನ್ನ ಮಾತಾಡಿಸ್ತೀಯ" ಎಂದ.

ರಿಪೇರಿಯಲ್ಲಿ ನನಗೂ ಒಂದು ಪಾಲು ಸಿಕ್ಕಿತು. ಸೀನ ಪೇಟೆಯ ರೇಡಿಯೋ ಅಂಗಡಿಯಿಂದ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ತಂದು, ಅಮ್ಮನ ಕೈಹೊಲಿಗೆ ಮೆಷಿನ್ನಿನಲ್ಲಿ ಬಾಬಿನ್ನಿಗೆ ದಾರ ಸುತ್ತುವ ಕಡೆ ಆ ಸುರುಳಿಯ ಚೌಕಟ್ಟನ್ನು ಕಟ್ಟಿದ. ಅವನು ಹಿಡಿಕೆ ತಿರುಗಿಸಬೇಕು, ನಾನು ತಂತಿಯನ್ನು ಎರಡು ಬೆರಳ ನಡುವೆ ಹಾಯಿಸಬೇಕು. ಬಿಗಿ ಹಿಡಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಗಂಟಾಗುತ್ತದೆ. ತಂತಿ ಇದೆಯೋ ಇಲ್ಲವೋ ಎಂದು ಬೆರಳಿಗೂ ತಿಳಿಯದಷ್ಟು ಹಗುರವಾಗಿ ಹಿಡಿದಿರುವ ಆ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ದಪ್ಪ ತಂತಿಯನ್ನು ಅರುಳ್ ಸಂಪಾದಿಸಿದ. ಖಾಲಿಯಾದ ಬಂಗಲೆಯೊಂದರಲ್ಲಿ ಗೆದ್ದಲು ತಿಂದ ಪಿಯಾನೋ ಒಂದಿತ್ತು, ಕಾವಲಿನವನನ್ನು ಕೇಳಿ ಅದರ ಮಂದ್ರದ ತಂತಿಯನ್ನು ಬಿಚ್ಚಿಕೊಂಡು ಬಂದಿದ್ದ. ಹೀಗೆ ಮೂರು ಮನೆಗಳ ವಸ್ತುಗಳು ಕೂಡಿ ಒಂದು ಗಂಟಲಾಯಿತು. ಸವೆದ ಜಾಗದಲ್ಲಿ, ಡೆಸ್ಮಂಡನ ಹೆಬ್ಬೆರಳು ಊರುತ್ತಿದ್ದಲ್ಲಿಯೇ, ಸೀನನ ಹೆಬ್ಬೆರಳು ತಾನಾಗಿ ಹೋಗಿ ಕೂತಿತು.

ಹಳೆಯ ರೇಡಿಯೋವೊಂದನ್ನು ಬಿಚ್ಚಿ ಕಟ್ಟಿದ ಸ್ಪೀಕರ್ ಪೆಟ್ಟಿಗೆಯನ್ನು ಸೀನ ನಡುಗೋಡೆಗೆ ಒರಗಿಸಿಟ್ಟ. ಆ ದಪ್ಪ ತಂತಿಯನ್ನು ಒಮ್ಮೆ ಮೀಟಿದ. ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಹಲಗೆಯ ಮೇಲೆ ಲೋಟಗಳು ಕಿಣಿಗುಟ್ಟಿದವು. ನಾವು ಮೂವರೂ ಸಂತೋಷದಿಂದ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರುವಾಗಲೇ ಹೊರಗೆ ಬಾಗಿಲುಗಳು ತೆರೆದುಕೊಂಡ ಸದ್ದಾಯಿತು. ಹೋಗಿ ನೋಡಿದರೆ ರಾಜಮ್ಮ ಮುದ್ದೆ ತಿರುಗಿಸುವ ಕೋಲನ್ನು ಹಿಡಿದುಕೊಂಡೇ, ಬರಿಗಾಲಿನಲ್ಲಿ, ಬೀದಿಯ ಕೊನೆಯವರೆಗೆ ಓಡಿದ್ದಳು.

ಅಂದು ಅಮ್ಮ ಅಡುಗೆ ಮುಗಿಸಿದಳು. ಆಮೇಲೆ ಸೀನನಿಗೆ, "ನಾಳೆ ಬೆಳಿಗ್ಗೆ ಬಂಗಾರಪೇಟೆಯವನಿಗೆ ಕೊಟ್ಟು ಬಾ. ಅವಳ ಎದೆ ನಡುಗಿಸೋ ಸಾಮಾನು ಈ ಮನೇಲಿ ಬೇಡ" ಎಂದಳು. ಸೀನ ಗಿಟಾರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಮಗುವನ್ನು ಮಲಗಿಸುವವರಂತೆ ಮುಚ್ಚಳ ಮುಚ್ಚಿದ ಅವನ ಕೈಗಳನ್ನು ನೋಡಲಾರದೆ ನಾನು ಉತ್ತರಪತ್ರಿಕೆಗಳ ಕಡೆಗೆ ತಿರುಗಿದೆ.

ನಾನು ಪಾಠ ಹೇಳುವ ಶಾಲೆ ಇರುವುದು ಬಂಗಾರಪೇಟೆಯಲ್ಲಿ. ಅಲ್ಲಿ ಗೂಡ್ಸ್ ಗಾಡಿ ಹಾದುಹೋದಾಗ ಮೇಜಿನ ಮೇಲಿನ ಶಾಯಿಕುಡಿಕೆ ನಡುಗುತ್ತದೆ, ಒಂದು ಮಗುವೂ ತಲೆಯೆತ್ತುವುದಿಲ್ಲ. ನಡುಕ ಅದೇ, ಅದನ್ನು ಕೇಳುವ ಎದೆ ಬೇರೆ. ಹಾಡಿನಲ್ಲಿ ಬೇಸಿನದು ಯಾರೂ ಗುನುಗದ ಪಾತ್ರ. ಮೇಲಿನ ಸ್ವರಗಳು ಕುಣಿದಾಡಲೆಂದು ಅದು ಕೆಳಗೆ ನೆಲ ಹಾಸಿಕೊಂಡಿರುತ್ತದೆ. ಯಾರ ಗಮನಕ್ಕೂ ಬೀಳದೆ ಇರುವುದನ್ನೇ ಇಷ್ಟಪಡುವ ನನ್ನಂಥವರಿಗೆ ಅದರ ಮೇಲೆ ಮಮತೆ ಹುಟ್ಟಿದ್ದು ಸಹಜ. ಆದರೆ ನಮ್ಮೂರಿನಲ್ಲಿ ಕೆಳಗಿನದೇ ಎಲ್ಲರ ಗಮನ. ಅಲ್ಲಿಂದ ಬರುವ ಸದ್ದಿಗೆ ಇಲ್ಲಿ ಈಗಾಗಲೇ ಒಂದು ಅರ್ಥವಿತ್ತು. ಸೀನ ತಿಳಿಯದೆ ಅದೇ ಅರ್ಥವನ್ನು ನುಡಿಸಿಬಿಟ್ಟಿದ್ದ.

ಮರುದಿನ ಸೀನ ಪೆಟ್ಟಿಗೆ ಹೊತ್ತು ಹೊಸಿಲು ದಾಟುತ್ತಿದ್ದಾಗ ರಾಜಮ್ಮ ಅಡ್ಡ ನಿಂತಳು. ಎಲ್ಲಿಗೆಂದು ಕೇಳಿದಳು. ಅಮ್ಮ ಹೇಳಿದಳು. ರಾಜಮ್ಮ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

"ಕೊಡ್ಬ್ಯಾಡಿ ಮೇಷ್ಟ್ರಮ್ಮ. ಹುಡ್ಗ ಆಸೆಪಟ್ಟು ತಂದವ್ನೆ" ಎಂದಳು. ಆಮೇಲೆ ಸೀನನ ಕಡೆ ತಿರುಗಿ, "ಒಂದೇ ಏಟು ಬಾರ್ಸಿ ನಿಲ್ಲಿಸ್ಬ್ಯಾಡ ಸೀನಪ್ಪ. ಕೆಳಗ್ಲದು ಒಂದೇ ಏಟು ಒಡೀತದೆ. ಇನ್ನೊಂದು ಬಂದ್ರೂ ಅದ್ಕೆ ತಾಳ ಇಲ್ಲ. ನೀನು ಒಂದು ಬಾರ್ಸಿದ್ ತಕ್ಷಣ ಎರಡ್ನೇದು ಬಾರ್ಸು. ಆಗ ಓ, ನಮ್ ಸೀನಪ್ಪ ಅಂತ ನಾನು ಒಲೆ ಕಡೆ ಓಯ್ತೀನಿ" ಎಂದಳು.

ಅಂದಿನಿಂದ ಅದು ಮನೆಯ ಕಾನೂನಾಯಿತು. ಶ್ರುತಿ ಮಾಡುವಾಗ, ತಂತಿ ಪರೀಕ್ಷಿಸುವಾಗ, ಯಾರೋ ಬಂದು ಕುತೂಹಲಕ್ಕೆ ಬೆರಳಾಡಿಸುವಾಗ, ಒಂದು ಮೀಟಿದರೆ ಎರಡು ಮೀಟಲೇಬೇಕು. ಡೆಸ್ಮಂಡ್ ಹೊರಡುವ ಮುಂಚೆ ಕೊನೆಯ ಬಾರಿ ನುಡಿಸಲು ಬಂದವನು ಒಂದು ಸ್ವರಕ್ಕೆ ನಿಲ್ಲಿಸಿದಾಗ ಅರುಳ್ ಗಾಬರಿಯಿಂದ ತಾನೇ ಕೈಚಾಚಿ ಎರಡನೆಯದನ್ನು ಮೀಟಿದ. ಗೋಡೆಯಾಚೆಯಿಂದ ರಾಜಮ್ಮನ ನಗು ಕೇಳಿಸಿತು. ಮೊದಲನೆಯದಕ್ಕೆ ಸಾಲಿನ ಎಲ್ಲ ಕೈಗಳೂ ನಿಲ್ಲುತ್ತಿದ್ದವು, ಎರಡನೆಯದಕ್ಕೆ ಮತ್ತೆ ಚಲಿಸುತ್ತಿದ್ದವು. ಅಷ್ಟು ಸಣ್ಣ ಬಿಡುವಿನಲ್ಲಿ ಅಷ್ಟು ಜನರ ಉಸಿರನ್ನು ಹಿಡಿದಿಡುವ ವಾದ್ಯಗಾರನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ದಿನ ಬೆಳಿಗ್ಗೆ, ನನ್ನ ಶಾಲೆಗೆ ರಜೆ, ಲೋಟಗಳು ಕಿಣಿಗುಟ್ಟಿದವು. ಅಮ್ಮನ ಕೈ ಹೆಚ್ಚುತ್ತಿದ್ದ ಬೀನ್ಸಿನ ಮೇಲೆ ನಿಂತಿತು. ನಾವು ಕಾದೆವು. ಗೋಡೆಯಾಚೆಯಿಂದ ರಾಜಮ್ಮ, ನಗುತ್ತಲೇ, ಕೇಳಿದಳು: "ಸೀನಪ್ಪ, ಎರಡ್ನೇದು?"

ಸೀನ ಹಿತ್ತಲಿನ ಬಾಗಿಲಲ್ಲಿ ನಿಂತಿದ್ದ. ಆಗತಾನೆ ಸ್ನಾನ ಮುಗಿಸಿದ್ದ, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿ ಟವಲು. ಗಿಟಾರ್ ಪೆಟ್ಟಿಗೆಯಲ್ಲಿತ್ತು. ಅವನು ನಮ್ಮ ಮುಖ ನೋಡಿದ. ಆ ಮೌನವೇ ಗೋಡೆ ದಾಟಿತು.

ಗುರಪ್ಪ ಬೆಳಗಿನ ಪಾಳಿಯಲ್ಲಿದ್ದ. ಇಡೀ ಹಗಲು ರಾಜಮ್ಮ ನಮ್ಮ ಜಗುಲಿಯ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟು ಕೂತ ನಾನು ಯಾವಾಗ ಆ ಜಾಗವನ್ನು ತುಂಬಿ ಅವಳ ತೋಳಿಗೆ ತೋಳು ತಾಗಿಸಿದೆನೋ ನನಗೆ ತಿಳಿಯಲಿಲ್ಲ. ಸೀನ ಶಾಫ್ಟಿನವರೆಗೆ ಹೋಗಿ ಬಂದ. ಕೆಳಗೊಂದು ದಾರಿ ಮುಚ್ಚಿದೆ, ತೆರವು ಮಾಡುತ್ತಿದ್ದಾರೆ ಎಂಬುದರಾಚೆ ಯಾರಿಗೂ ಗೊತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬೀದಿಯ ಕೊನೆಯಲ್ಲಿ ಗುರಪ್ಪ ಕಾಣಿಸಿಕೊಂಡ, ತಲೆಯಿಂದ ಕಾಲಿನವರೆಗೆ ಬೂದು ಬಣ್ಣದ ದೂಳು. ಎಲ್ಲರೂ ಮೇಲೆ ಬಂದರೆಂದು ದೂರದಿಂದಲೇ ಕೈಯೆತ್ತಿ ಕೂಗಿ ಹೇಳಿದ. ರಾಜಮ್ಮ ಅಳಲಿಲ್ಲ, ಮುದ್ದೆ ಆರಿಹೋಯಿತೆಂದು ಅವನನ್ನು ಬೈದಳು. ಅವನು ತನ್ನ ಮನೆಗೆ ಹೋಗದೆ ನಮ್ಮ ಜಗುಲಿಯ ಮೇಲೆಯೇ ಕುಸಿದು ಕೂತ. ಅಮ್ಮ ಒಳಗೆ ಹೋಗಿ, ಬೇರೆ ಲೋಟಗಳಿದ್ದರೂ, ಹಲಗೆಯ ತುದಿಯ ಆ ಎರಡನ್ನೇ ತೆಗೆದು ಕಾಫಿ ತುಂಬಿ ತಂದು ಗಂಡಹೆಂಡಿರ ಕೈಗೆ ಕೊಟ್ಟಳು. ಬೆಳಗಿನ ಕಥೆಯನ್ನೆಲ್ಲ ರಾಜಮ್ಮನಿಂದ ಕೇಳಿ ಗುರಪ್ಪ ಒಂದು ಗುಟುಕು ಕುಡಿದ.

"ಮೊದಲ್ನೇದು ಆಗೋಯ್ತಲ್ಲ ಸೀನಪ್ಪ" ಎಂದ. "ಎರಡ್ನೇದು ಬಾರ್ಸಪ್ಪ."

ಸೀನ ಗಿಟಾರನ್ನೂ ಸ್ಪೀಕರ್ ಪೆಟ್ಟಿಗೆಯನ್ನೂ ಜಗುಲಿಗೆ ತಂದು, ಆ ದಪ್ಪ ತಂತಿಯನ್ನು ಒಂದೇ ಒಂದು ಸಲ ಮೀಟಿದ. ಸಾಲಿನಲ್ಲಿ ಯಾವ ಬಾಗಿಲೂ ತೆರೆಯಲಿಲ್ಲ. ತುಂಬಿದ ಲೋಟಗಳು ಕಿಣಿಗುಟ್ಟಲಿಲ್ಲ. ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರಗಳು ಮೂಡಿ ಅಂಚಿನವರೆಗೆ ಹೋಗಿ ನಿಂತವು.

ಆ ಸಂಜೆ ಲೋಟಗಳನ್ನು ತೊಳೆದವಳು ನಾನು. ಒರೆಸಿ ಹಲಗೆಯ ತುದಿಯಲ್ಲಿಟ್ಟೆ, ಅಂಚಿಗೆ ಅಂಚು ತಾಗಿಸಿ.