ನೆಲ ಒರೆಸಿದಾಕೆಯ ಕಾದಂಬರಿ

ಕೆಳಗಿನ ಮನೆಯ ಅಜ್ಜಿಯ ಮೊಣಕಾಲುಗಳ ಚರ್ಮ ಹಿಮ್ಮಡಿಯಷ್ಟು ಗಟ್ಟಿಯಾಗಿತ್ತು. ಬೇಸಿಗೆಯಲ್ಲಿ ಬಾಲ್ಕನಿಯಲ್ಲಿ ಕೂತಾಗ ಅವರು ಅದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. “ಆಸ್ಪತ್ರೆಯ ನೆಲ ಒರೆಸಿದ್ದಕ್ಕೆ ಬಂದದ್ದು” ಎನ್ನುತ್ತಿದ್ದರು. ಸ್ವೀಡನ್ನಿನಲ್ಲಿ ಹುಟ್ಟಿ, ಮದುವೆಯಾಗಿ ಜರ್ಮನಿಯ ನಮ್ಮ ಈ ಊರು ಶ್ವೀಬರ್ಡಿಂಗೆನ್‌ಗೆ ಬಂದವರು.

ಪರಿಚಯವಾದದ್ದು ನನ್ನ ಪೆದ್ದುತನದಿಂದ. ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಒರೆಸಬೇಕು. ಪಾಳಿ ಬಂದವರ ಬಾಗಿಲಿಗೆ ‘ಕೇರ್‌ವೋಖೆ’, ಅಂದರೆ ಗುಡಿಸುವ ವಾರ, ಎಂಬ ಫಲಕ ತೂಗುತ್ತದೆ. ಮೊದಲ ಪಾಳಿಯಲ್ಲಿ ನಾನು ಹುಬ್ಬಳ್ಳಿಯ ರೂಢಿಯಂತೆ ಎರಡು ಬಕೆಟ್ ನೀರು ಸುರಿದು ಕಸಬರಿಗೆಯಿಂದ ತಿಕ್ಕಿದೆ. ಇಲ್ಲಿನ ಮೆಟ್ಟಿಲಿಗೆ ಮೋರಿ ಎಲ್ಲಿಂದ ಬರಬೇಕು? ನೀರು ನೇರ ಅಜ್ಜಿಯ ಮನೆಯೊಳಗೆ ನುಗ್ಗಿತು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಬಟ್ಟೆ ತಂದು, ಹಿಂಡುವುದು ಹೇಗೆಂದು ತೋರಿಸಿ, ನನ್ನ ಜೊತೆಗೇ ಮೊಣಕಾಲೂರಿದರು.

ಆಮೇಲೆ ಪ್ರತಿ ಶನಿವಾರ ನನ್ನ ಜರ್ಮನ್ ತಿದ್ದುವ ನೆಪದಲ್ಲಿ ತಾವು ಬರೆಯುತ್ತಿದ್ದ ಕಾದಂಬರಿಯನ್ನು ಓದಿಸುತ್ತಿದ್ದರು. ಮುನ್ನೂರು ವರ್ಷಗಳ ಹಿಂದಿನ ಸ್ವೀಡನ್ನಿನ ಕಥೆ. ಜಮೀನ್ದಾರರ ಮನೆಯ ನೆಲ ತಿಕ್ಕುವ ಹುಡುಗಿಯೊಬ್ಬಳು ಕದ್ದು ಅಕ್ಷರ ಕಲಿತು, ನೇಯ್ಗೆ ಕಲಿತು, ಹತ್ತು ಮಗ್ಗಗಳ ಒಡತಿಯಾಗುತ್ತಾಳೆ. ಪ್ರಕಾಶಕರೊಬ್ಬರು ಅಚ್ಚು ಹಾಕಲು ಒಪ್ಪಿದರು. ಷರತ್ತು ಒಂದೇ: ಆ ಹುಡುಗಿ ದೊಡ್ಡ ಮನೆತನದ ಕಳೆದುಹೋದ ಮಗಳೆಂದು ಕೊನೆಗೆ ಗೊತ್ತಾಗಬೇಕು.

“ಬದಲಾಯಿಸಿಬಿಡಿ. ನಮ್ಮ ಕಥೆಗಳಲ್ಲೂ ದನ ಕಾಯುವವನು ಕೊನೆಗೆ ರಾಜಕುಮಾರನೇ ಆಗಿರುತ್ತಾನೆ” ಎಂದೆ.

“ಹಾಗಾದರೆ ಅವಳು ತಿಕ್ಕಿದ ನೆಲಕ್ಕೆ ಬೆಲೆಯೇ ಇಲ್ಲವೇ? ಅವಳನ್ನು ಮೇಲೆ ತಂದದ್ದು ಕೈಯಲ್ಲ, ರಕ್ತ ಎಂದು ನಾನೇ ಬರೆಯಲೇ?”

ಆಗ ಅವರಿಗೆ ಎಂಬತ್ತೆರಡು. ಪುಸ್ತಕ ಕಣ್ಣಾರೆ ಕಾಣಬೇಕೆಂಬ ಆಸೆ ಬಹಳವಿತ್ತು. ಆದರೂ ಬೇಡವೆಂದು ಕಾಗದ ಬರೆದರು. ಬೇರೆ ಯಾರೂ ಅದನ್ನು ಅಚ್ಚು ಹಾಕಲಿಲ್ಲ.

ಆ ಕಾಗದ ಬರೆದ ದಿನವೇ ಅವರು ನನ್ನ ತಾಯಿಯ ಕೆಲಸ ಏನಾಗಿತ್ತೆಂದು ಕೇಳಿದ್ದರು. ಟೀಚರ್ ಎಂದೆ. ಎಲ್ಲರಿಗೂ, ನನ್ನ ಮಗಳಿಗೂ, ಹಾಗೇ ಹೇಳಿಕೊಂಡು ಬಂದಿದ್ದೆ. ನಿಜವಾಗಿ ಅವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಹೋದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಅವರ ಮಗ ಎದ್ದು, “ನಮ್ಮ ತಾಯಿ ಆಸ್ಪತ್ರೆಯ ಆಡಳಿತ ವಿಭಾಗದಲ್ಲಿದ್ದರು” ಎಂದ. ನನಗೆ ಮೈಯೆಲ್ಲ ಉರಿಯಿತು. ಅಲ್ಲಪ್ಪಾ, ನೆಲ ಒರೆಸುತ್ತಿದ್ದರು ಎಂದು ಕೂಗಬೇಕೆನಿಸಿತು. ಆದರೆ ನನ್ನ ಎಲೆಯಲ್ಲೇ ಕತ್ತೆ ಸತ್ತು ಬಿದ್ದಿರುವಾಗ ಅವನ ಎಲೆಯ ನೊಣ ತೋರಿಸುವುದು ಹೇಗೆ?

ಮನೆಗೆ ಬಂದು ಕೋಟು ಸಹ ತೆಗೆಯದೆ ಮಗಳನ್ನು ಕರೆದೆ.

“ನಮ್ಮವ್ವ ಟೀಚರ್ ಅಲ್ಲ. ಖಾನಾವಳ್ಯಾಗ ರೊಟ್ಟಿ ಬಡೀತಿದ್ಲು. ಅದರಾಗ ನನ್ನ ಇಂಜಿನಿಯರ್ ಮಾಡಿದ್ಲು.”

ಅವಳು ಫೋನಿನಿಂದ ತಲೆಯೆತ್ತಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಜರ್ಮನ್ನಿನಲ್ಲಿ ಕೇಳಿದಳು.

“ನಾಚಿಕಿ ಬರ್ತಿತ್ತವ್ವಾ” ಎಂದೆ. ಅಜ್ಜಿ ಬದುಕಿದ್ದಾಗ ಅವರೆದುರು ಆಡಬೇಕಿದ್ದ ಮಾತು ಅದು.